ಕಾರವಾರಕ್ಕೆ ಓದೋಕೆ ಬಂದವರಿಗೆ: ಮೆಸ್ಸಾ, ಖಾನಾವಳಿಯಾ, ಮೀನು ಊಟವಾ, ರೂಮಿನ ಅಡಿಗೆಯಾ?

ನನ್ನ ಚಿಕ್ಕಮ್ಮನ ಮಗಳು ಈ ಜುಲೈಗೆ ಶಿರಸಿಯಿಂದ ಕಾರವಾರದ ಕಾಲೇಜಿಗೆ ಬರುತ್ತಿದ್ದಾಳೆ. ಅಡ್ಮಿಶನ್ ಆದ ಸಂಜೆಯೇ ಫೋನು ಮಾಡಿದಳು. ಲೈಬ್ರರಿ ಹೇಗಿದೆ, ಲೆಕ್ಚರರ್‌ಗಳು ಹೇಗೆ ಅಂತ ಒಂದು ಮಾತೂ ಇಲ್ಲ. "ಅಕ್ಕಾ, ಅಲ್ಲಿ ಊಟಕ್ಕೆ ಎಂತ ಮಾಡೂದು?" ಅಂದಳು. ಸರಿಯಾದ ಪ್ರಶ್ನೆಯೇ. ನಾನು ಇಲ್ಲಿಗೆ ಬಂದಾಗ ಇದನ್ನು ಯಾರ ಹತ್ತಿರವೂ ಕೇಳಿರಲಿಲ್ಲ. ಅದರ ಫಲವಾಗಿ ಮೊದಲ ಆರು ತಿಂಗಳು ದುಡ್ಡೂ ಹೋಯಿತು, ಹೊಟ್ಟೆಯೂ ಕೆಟ್ಟಿತು.

ಮೂರು ವರ್ಷದಲ್ಲಿ ನಾಲ್ಕೂ ದಾರಿ ನೋಡಿದ್ದೇನೆ. ಮೆಸ್, ಖಾನಾವಳಿ, ಮೀನು ಊಟದ ಹೋಟೆಲ್, ರೂಮಿನ ಅಡಿಗೆ. ಇದರಲ್ಲಿ ಯಾವುದು ಒಳ್ಳೇದು ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಎರಡೇ: ಇವತ್ತು ಯಾವ ವಾರ? ಇದು ಯಾವ ತಿಂಗಳು? ಇದೇ ಊರಲ್ಲಿ ಅಕ್ಟೋಬರಿನ ಬುಧವಾರಕ್ಕೆ ಸರಿಹೋಗುವ ಊಟ ಜುಲೈ ಸೋಮವಾರಕ್ಕೆ ಸರಿಹೋಗುವುದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆದ ರೇಟುಗಳು ನನ್ನ ಜೇಬಿನಿಂದ ಹೋದವು. ನೀವು ಬರುವ ಹೊತ್ತಿಗೆ ಹತ್ತಿಪ್ಪತ್ತು ಆಚೀಚೆ ಆಗಿರುತ್ತದೆ. ನಾನು ಮೀನು ತಿನ್ನುವವಳು. ನನ್ನ ರೂಮ್‌ಮೇಟ್ ಸಿದ್ದಾಪುರ ಕಡೆಯ ಹವ್ಯಕರ ಹುಡುಗಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಎರಡೂ ಥರದವರ ಕಷ್ಟ ನನಗೆ ಗೊತ್ತು.

ಮೆಸ್: ಲೆಕ್ಕ ಹಾಕಿದರೆ ಅಷ್ಟೇನೂ ಅಗ್ಗ ಅಲ್ಲ

ಎಲ್ಲರ ಅಪ್ಪ ಅಮ್ಮನಿಗೂ ಮೆಸ್ ಇಷ್ಟ. ತಿಂಗಳಿಗೆ ಒಂದು ಸಲ ದುಡ್ಡು ಕಟ್ಟಿದರೆ ಮಗಳು ಉಪವಾಸ ಇಲ್ಲ ಅಂತ ಸಮಾಧಾನ. ನಾನು ಎರಡು ಹೊತ್ತಿನ ಊಟಕ್ಕೆ ತಿಂಗಳಿಗೆ 3,200 ರೂಪಾಯಿ ಕೊಡುತ್ತಿದ್ದೆ. ಅರವತ್ತು ಊಟ ಅಂತ ಹಿಡಿದರೆ ಒಂದಕ್ಕೆ 53 ರೂಪಾಯಿ. ಕೇಳೋಕೆ ಚೆನ್ನಾಗಿದೆ.

ಆದರೆ ಅರವತ್ತು ಊಟ ಯಾರು ಮಾಡುತ್ತಾರೆ? ಶನಿವಾರ ಮಧ್ಯಾಹ್ನ ಕ್ಲಾಸು ಮುಗಿಯುತ್ತಲೇ ಅರ್ಧ ಜನ ಊರ ಬಸ್ ಹತ್ತುತ್ತೇವೆ. ಒಂದು ದಸರಾ ತಿಂಗಳಲ್ಲಿ ಕ್ಯಾಲೆಂಡರ್ ಮೇಲೆ ಗೀಟು ಹಾಕುತ್ತಾ ಹೋದೆ. ತಿಂದದ್ದು 41 ಊಟ. ಅಂದರೆ ಒಂದಕ್ಕೆ 78 ರೂಪಾಯಿ ಬಿತ್ತು. ಆಗ ಪಕ್ಕದ ಖಾನಾವಳಿಯಲ್ಲಿ ಬಿಸಿ ಬಿಸಿ ಊಟಕ್ಕೆ 80. ಎರಡು ರೂಪಾಯಿ ಉಳಿಸೋಕೆ ಬೆಳಗ್ಗೆ ಮಾಡಿದ ಹುಳಿಯನ್ನು ರಾತ್ರಿ ಎಂಟೂವರೆಗೆ ತಿನ್ನುತ್ತಿದ್ದೆ ಅಂತ ಅವತ್ತು ಗೊತ್ತಾಯಿತು.

ಹಾಗಂತ ಮೆಸ್ ಬೇಡ ಅನ್ನುವುದಿಲ್ಲ. ಪರೀಕ್ಷೆ ಇರುವ ತಿಂಗಳು ಬೇಕು. ಹೊರಗೆ ಕಾಲಿಡೋಕಾಗದಂತೆ ಮಳೆ ಸುರಿಯುವ ಜುಲೈನಲ್ಲೂ ಬೇಕು. ಸೇರುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಊರಿಗೆ ಹೋದ ದಿನದ ದುಡ್ಡು ಕಡಿಯುತ್ತಾರಾ, ಅರ್ಧ ತಿಂಗಳಿಗೆ ಕಟ್ಟಬಹುದಾ. ಕೆಲವು ಕಡೆ ಮುಂಚೆ ಹೇಳಿದರೆ ಕಡಿಯುತ್ತಾರೆ. ನಾನಿದ್ದ ಕಡೆ "ನೋಡೋಣ" ಅನ್ನುತ್ತಿದ್ದರು. ಆ ನೋಡೋಣ ಮೂರು ವರ್ಷವಾದರೂ ಬಂದಿಲ್ಲ.

ಖಾನಾವಳಿ: ಬೋರ್ಡ್ ಒಂದೇ, ಒಳಗೆ ಬೇರೆ ಬೇರೆ

ಕಾರವಾರದಲ್ಲಿ ಖಾನಾವಳಿ ಅಂದರೆ ಒಂದೇ ಥರದ್ದಲ್ಲ. ಹುಬ್ಬಳ್ಳಿ, ಹಾವೇರಿ ಕಡೆಯಿಂದ ಇಲ್ಲಿಗೆ ನೌಕರಿಗೆ ಬಂದವರು ತುಂಬಾ ಜನ. ಅವರಿಗಾಗಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಕೊಡುವ ಖಾನಾವಳಿ ಇವೆ. ಇನ್ನೊಂದು ಥರದ್ದು ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಮೇಜು ಹಾಕಿದ್ದು. ಅಲ್ಲಿ ಅನ್ನ, ಹುಮಣ ಅಂದರೆ ಕಾಯಿ ಅರೆದು ಹಾಕಿದ ಮೀನಿನ ಸಾರು, ಒಂದು ಪಲ್ಯ. ಮೂರನೆಯದು ಶುದ್ಧ ಶಾಖಾಹಾರಿ.

ಸಸ್ಯಾಹಾರಿಗಳು ಮೂರನೆಯದಕ್ಕೆ ಹೋಗಿ. ಇದು ಮಡಿಯ ಮಾತಲ್ಲ. ಮೀನಿನ ಖಾನಾವಳಿಯಲ್ಲಿ ಸಸ್ಯಾಹಾರದ ಕಡೆ ಅಡಿಗೆಯವರ ಮನಸ್ಸು ಇರುವುದಿಲ್ಲ, ಅಷ್ಟೇ. ಬಟಾಟೆ ಭಾಜಿ, ತಿಳಿ ಸಾರು, ಮುಗಿಯಿತು. ನನ್ನ ರೂಮ್‌ಮೇಟ್ ಮೊದಲ ತಿಂಗಳು ನನ್ನ ಜತೆ ಬಂದು ಅದನ್ನೇ ತಿಂದಳು. ಆಮೇಲೆ ಒಂದು ದಿನ "ಯಂಗೆ ಸಾಕಾತು ಮಾರಾಯ್ತಿ" ಅಂದು ಎದ್ದಳು. ಅವಳನ್ನು ಉಳಿಸಿದ್ದು ದಾಳಿತೊಯ್. ಕೊಂಕಣಿಯವರ ತೊಗರಿಬೇಳೆ ಸಾರು ಇದು. ಇಂಗು, ಹಸಿಮೆಣಸು, ಒಗ್ಗರಣೆ, ಬೇರೇನೂ ಇಲ್ಲ. ಬಿಸಿ ಅನ್ನಕ್ಕೆ ಹಾಕಿದರೆ ಜ್ವರ ಬಂದವರೂ ಎರಡು ಸಲ ಬಡಿಸಿಕೊಳ್ಳುತ್ತಾರೆ. ಹೊಸ ಖಾನಾವಳಿಗೆ ಹೋದರೆ "ಇವತ್ತು ದಾಳಿತೊಯ್ ಇದೆಯಾ?" ಅಂತಲೇ ಶುರು ಮಾಡಿ.

ಘಟ್ಟದ ಮೇಲಿಂದ ಬಂದವರಿಗೆ ಒಂದು ಎಚ್ಚರಿಕೆ. ತಂಬುಳಿ, ಅಪ್ಪೆಹುಳಿ (ಮಾವಿನಕಾಯಿಯ ತಿಳಿ ಸಾರು), ಕೆಸುವಿನ ಕರಕಲಿ, ಇವನ್ನೆಲ್ಲ ಇಲ್ಲಿ ಹುಡುಕುತ್ತಾ ಕೂರಬೇಡಿ. ಅವು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಸಿಗುವಂಥವು. ಶಿರಸಿಯಲ್ಲೂ ಎಲ್ಲ ಹೋಟೆಲಿನಲ್ಲಿ ಸಿಗುವುದಿಲ್ಲ. ಊಟದ ಕೊನೆಗೆ ಲೋಟದಲ್ಲಿ ಅಪ್ಪೆಹುಳಿ ಕುಡಿದು ಅಭ್ಯಾಸ ಇರುವ ನನ್ನ ರೂಮ್‌ಮೇಟ್, ಇಲ್ಲಿ ಸೋಲ್ ಕಡಿ ಬಂದಾಗ ಮೊದಲು ಮುಖ ಸಿಂಡರಿಸಿದಳು. ಹಣ್ಣು ನಮ್ಮ ಮುರುಗಲೇ. ನಾವು ಸಕ್ಕರೆ ಹಾಕಿ ಶರಬತ್ತು ಮಾಡುತ್ತೇವೆ. ಇವರು ತೆಂಗಿನ ಹಾಲು, ಹಸಿಮೆಣಸು, ಬೆಳ್ಳುಳ್ಳಿ ಸೇರಿಸುತ್ತಾರೆ. ಬೆಳ್ಳುಳ್ಳಿ ಹಾಕದ್ದು ಕೇಳಿದರೆ ಕೆಲವು ಕಡೆ ಸಿಗುತ್ತದೆ. ಈಗ ಅವಳಿಗೆ ನನ್ನ ಪಾಲಿನದೂ ಬೇಕು.

ಮೀನು ಊಟ: ಇಲ್ಲೇ ಜಾಸ್ತಿ ಮಾತಿದೆ

ಶಿರಸಿಯ ನಮ್ಮ ಮನೆಯಲ್ಲೂ ಮೀನು ಮಾಡುತ್ತಾರೆ. ಆದರೆ ಅದು ದೇವಿಮನೆ ಘಟ್ಟ ಹತ್ತಿ ಐಸಿನಲ್ಲಿ ಬಂದ ಮೀನು. ಅಮ್ಮ ಅದಕ್ಕೆ ಖಾರ, ಹುಣಸೆ ಎರಡೂ ಒಂದು ಮುಷ್ಟಿ ಜಾಸ್ತಿಯೇ ಹಾಕುತ್ತಾಳೆ. ಮೀನೆಂದರೆ ಮಸಾಲೆಯ ರುಚಿ ಅಂತಲೇ ನಾನು ತಿಳಿದಿದ್ದೆ. ಕಾರವಾರದಲ್ಲಿ ಮೊದಲ ಸಲ ಬಂಗಡೆ ಹುಮಣ ತಿಂದಾಗ ಮಸಾಲೆ ಹಿಂದೆ ನಿಂತು ಮೀನು ಮುಂದೆ ಬಂತು. ಅದರಲ್ಲಿ ಒಂದು ವಿಚಿತ್ರ ಘಮ, ನಾಲಿಗೆ ಮೇಲೆ ಸಣ್ಣಗೆ ಜುಮ್ಮೆನ್ನುವ ರುಚಿ. ಕೇಳಿದರೆ ತೆಫಲ ಅಂದರು. ನಮ್ಮ ಕಡೆಯ ಜುಮ್ಮನಕಾಯಿ! ನಮ್ಮ ಕಾಡಿನ ಕಾಯಿ ಇಲ್ಲಿ ಮೀನಿನ ಜತೆ ಸಂಸಾರ ಮಾಡಿಕೊಂಡಿದೆ.

ಈಗ ವಾರದ ಲೆಕ್ಕ. ಸೋಮವಾರ ಇಲ್ಲಿ ಎಷ್ಟೋ ಮನೆಗಳಲ್ಲಿ ಮೀನಿಲ್ಲ. ಕೆಲವರಿಗೆ ಗುರುವಾರ ಇಲ್ಲ, ಕೆಲವರಿಗೆ ಶನಿವಾರ. ಶ್ರಾವಣ ಬಂದರೆ ಇನ್ನೂ ಕಮ್ಮಿ. ತಿನ್ನುವವರು ಕಡಿಮೆ ಇರುವ ದಿನ ಸಣ್ಣ ಹೋಟೆಲಿನವರು ಹೊಸದಾಗಿ ಜಾಸ್ತಿ ತರುವುದಿಲ್ಲ. ಹಾಗಾಗಿ ಸೋಮವಾರದ ಫ್ರೈ ಭಾನುವಾರದ್ದೇ ಇರಬಹುದು ಅಂತ ನನ್ನ ಅನುಮಾನ. ಬುಧವಾರ, ಶುಕ್ರವಾರ, ಭಾನುವಾರ ಎಲ್ಲರೂ ತಿನ್ನುವ ದಿನ. ಆವತ್ತು ಮೀನು ಹೊಸದು, ಆದರೆ ಜಾಗ ಸಿಗುವುದಿಲ್ಲ. ಹನ್ನೆರಡೂವರೆಗೆ ಕೂತರೆ ಸರಿ. ಎರಡು ಗಂಟೆಗೆ ಹೋದರೆ ಹುಮಣದ ತಳದಲ್ಲಿ ತಲೆ ಮಾತ್ರ ಇರುತ್ತದೆ. ತಲೆಯನ್ನೇ ಬೇಡಿ ತಿನ್ನುವವರೂ ಇದ್ದಾರೆ, ಅದು ಬೇರೆ ಮಾತು.

ತಿಂಗಳ ಲೆಕ್ಕ ಇನ್ನೂ ಮುಖ್ಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಇಲ್ಲಿ ಬಾಗಿಲು ಹಾಕಿ ಎರಡು ವಾರಕ್ಕೆ ಅಲ್ಲಿ ತೆರೆಯುತ್ತದೆ. ಆ ಎರಡು ತಿಂಗಳು ಹೋಟೆಲಿನ ತಟ್ಟೆಗೆ ಬರುವ ದೊಡ್ಡ ಮೀನು ಎಷ್ಟು ದೂರದಿಂದ ಐಸಿನಲ್ಲಿ ಮಲಗಿಕೊಂಡು ಬಂದಿರಬಹುದು ಅಂತ ನೀವೇ ಯೋಚಿಸಿ. ನಾಡದೋಣಿಯವರು ದಡದ ಹತ್ತಿರ, ಕಾಳಿ ನದಿಯಲ್ಲಿ ಹಿಡಿದದ್ದು ಸಿಗುತ್ತದೆ. ಸ್ವಲ್ಪವೇ ಇರುತ್ತದೆ, ರೇಟು ಜಾಸ್ತಿ. ಹೊಸ ವಿದ್ಯಾರ್ಥಿಗಳು ಬರುವುದು ಸರಿಯಾಗಿ ಇದೇ ಸಮಯಕ್ಕೆ. ಬಂದ ವಾರವೇ ಮೀನು ಊಟಕ್ಕೆ ಓಡುತ್ತಾರೆ. ದುಡ್ಡು ಕೊಟ್ಟು "ಇಷ್ಟೇನಾ ಕಾರವಾರದ ಮೀನು" ಅಂತ ಮೂಗು ಮುರಿಯುತ್ತಾರೆ. ಆಗಸ್ಟ್ ಎರಡನೇ ವಾರದವರೆಗೆ ತಡೆದುಕೊಳ್ಳಿ.

ಇನ್ನು ಏನು ತರಿಸಬೇಕು? ಊಟ ಅಂದರೆ ಅನ್ನ, ಹುಮಣ, ಒಂದು ಸುಕ್ಕೆ (ಕಾಯಿ ಮಸಾಲೆಯ ಒಣ ಪಲ್ಯ) ಅಥವಾ ಪಲ್ಯ, ಉಪ್ಪಿನಕಾಯಿ, ಸೋಲ್ ಕಡಿ. ಫ್ರೈ ಬೇರೆ ದುಡ್ಡು. ಕುಚ್ಚಲಕ್ಕಿ ಅನ್ನ ಇದ್ದರೆ ಅದನ್ನೇ ಕೇಳಿ, ಹುಮಣಕ್ಕೆ ಬೆಳ್ತಿಗೆಗಿಂತ ಅದೇ ಚೆಂದ. ಬರೀ ಊಟಕ್ಕೆ ನಾನು 110ರಿಂದ 140 ಕೊಟ್ಟಿದ್ದೇನೆ. ಬಂಗಡೆ ಫ್ರೈ ಸೇರಿಸಿದರೆ ಇನ್ನೂರರ ಹತ್ತಿರ ಹೋಗುತ್ತದೆ.

ಫ್ರೈ ವಿಷಯದಲ್ಲಿ ನಾನು ಒಮ್ಮೆ ಚೆನ್ನಾಗಿ ಪೆಟ್ಟು ತಿಂದೆ. ಗೆಳತಿಯ ಹುಟ್ಟುಹಬ್ಬ ಅಂತ ಒಂದು ಹೋಟೆಲಿಗೆ ಹೋಗಿ ಪಾಪ್ಲೆಟ್ (ಪಾಂಫ್ರೆಟ್ ಮೀನು) ತರಿಸಿದೆವು. ಮೆನುವಿನಲ್ಲಿ ರೇಟಿನ ಜಾಗದಲ್ಲಿ "ಸೈಜ್ ಮೇಲೆ" ಅಂತ ಇತ್ತು. ಕೇಳೋಕೆ ನಾಚಿಕೆ. ಬಿಲ್ ಬಂದಾಗ ಒಂದು ಪಾಪ್ಲೆಟಿಗೆ 550. ನಾಲ್ಕು ಜನ ಪರ್ಸು ತಡಕಿ, ಕೊನೆಗೆ ಮನೆಗೆ ಫೋನ್ ಮಾಡಿ ದುಡ್ಡು ಹಾಕಿಸಿಕೊಂಡೆವು. ಹೋಟೆಲಿನವರ ತಪ್ಪೇನಿಲ್ಲ, ಬರೆದಿದ್ದರಲ್ಲ. ಅವತ್ತಿನಿಂದ ಮೀನನ್ನು ತಟ್ಟೆಯಲ್ಲಿ ತಂದು ತೋರಿಸಲು ಹೇಳುತ್ತೇನೆ. ರೇಟು ಕೇಳುತ್ತೇನೆ. ಆಮೇಲೆ ಬಾಣಲೆಗೆ.

ನಮ್ಮಂಥವರಿಗೆ ಬಂಗಡೆಯೇ ದೊರೆ. ಅದು ಇಲ್ಲದಿದ್ದರೆ ಲೆಪೊ. ಚಪ್ಪಟೆ ಸಣ್ಣ ಮೀನು, ಮಂಗಳೂರು ಕಡೆ ನಂಗು ಅನ್ನುತ್ತಾರೆ. ರವೆ ಹಚ್ಚಿ ಗರಿಗರಿ ಹುರಿದರೆ ಮುಳ್ಳಿನ ಅಂಚೂ ಹಪ್ಪಳದ ಹಾಗೆ. ತಾರ್ಲೆ, ಅಂದರೆ ಬೂತಾಯಿ, ಇನ್ನೂ ಅಗ್ಗ, ಮುಳ್ಳು ಜಾಸ್ತಿ. ಗಡಿಬಿಡಿಯಲ್ಲಿ ತಿನ್ನಬೇಡಿ. ತಿಸ್ರೆ ಸುಕ್ಕೆ ಸಿಕ್ಕಿದರೆ ಬಿಡಬೇಡಿ. ಕುಮಟಾ ಕಡೆಯವರು ಬಳಚು ಅನ್ನುವ ಚಿಪ್ಪಿ ಅದು, ತೆಂಗಿನಕಾಯಿ ಹಾಕಿ ಮಾಡುತ್ತಾರೆ. ಇಸ್ವಾಣ (ಅಂಜಲ್), ಪಾಪ್ಲೆಟ್, ದೊಡ್ಡ ಸಿಗಡಿ ಇವೆಲ್ಲ ಅಪ್ಪ ಊರಿಂದ ಬಂದ ದಿನಕ್ಕೆ ಇಡಿ.

ರವಾ ಫ್ರೈಯಾ, ಮಸಾಲಾ ಫ್ರೈಯಾ? ಹೊಸ ಮೀನಿಗೆ ರವೆ. ಮೀನು ಸ್ವಲ್ಪ ಅನುಮಾನ ಅನ್ನಿಸಿದರೆ ಮಸಾಲೆ ಅಂತ ಕೆಲವರು ಹೇಳುತ್ತಾರೆ. ಅನುಮಾನ ಇದ್ದರೆ ದಾಳಿತೊಯ್ ತಿನ್ನಿ ಅಂತ ನಾನು ಹೇಳುತ್ತೇನೆ.

ರೂಮಿನ ಅಡಿಗೆ

ದುಡ್ಡಿನ ಲೆಕ್ಕದಲ್ಲಿ ಇದೇ ಅಗ್ಗ. ಇಬ್ಬರು ಸೇರಿ ಮಾಡಿದರೆ ತಲೆಗೆ ತಿಂಗಳಿಗೆ ಎರಡು ಸಾವಿರದೊಳಗೆ ಮುಗಿಸಿದ್ದೇವೆ. ಪಾತ್ರೆ ತೊಳೆಯುವ ಸರದಿಯ ಜಗಳ ಇದರಲ್ಲಿ ಸೇರಿಲ್ಲ.

ರೂಮಿನಲ್ಲಿ ಅಡಿಗೆ ಮಾಡುವವರಿಗೆ ಭಾನುವಾರದ ಸಂತೆಯೇ ಆಧಾರ. ಹಾಲಕ್ಕಿ ಹೆಂಗಸರು ಹರಿವೆ, ಬಸಳೆ ಕಟ್ಟು ಕಟ್ಟಾಗಿ ತಂದು ಕೂರುತ್ತಾರೆ. ಬೆಳಗ್ಗೆ ಹೋದರೆ ಆರಿಸಿಕೊಳ್ಳಬಹುದು, ಸಂಜೆ ಹೋದರೆ ಚೌಕಾಸಿ ಮಾಡಬಹುದು. ಮೀನು ಮಾರ್ಕೆಟ್ಟಿನಲ್ಲಿ ಕೊಂಕಣಿ ಎರಡು ಪದ ಬಂದರೂ ಸಾಕು. "ಕಿತ್ಲೆ, ಮಾವಶಿ?" (ಎಷ್ಟು, ಚಿಕ್ಕಮ್ಮಾ?) ಅಂತ ಕೇಳಿದರೆ ಅವರ ಮುಖವೇ ಬೇರೆ. "ಘೆ ಗೋ" (ತಗೊಳ್ಳೇ) ಅಂತ ಪಾಲಿಗೆ ಇನ್ನೊಂದು ಬಂಗಡೆ ಹಾಕುತ್ತಾರೆ. ಯಾವಾಗಲೂ ಅಲ್ಲ. ಮೀನಿನ ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು. ಇಷ್ಟು ನೋಡಿದರೆ ಸಾಕು.

ಸಸ್ಯಾಹಾರಿಗಳಿಗೆ ರೂಮಿನ ಅಡಿಗೆಯೇ ಮೇಲು ಅಂತ ನನ್ನ ಅಭಿಪ್ರಾಯ. ತಂಬುಳಿಗೆ ಏನು ಬೇಕು? ಒಂದು ಮುಷ್ಟಿ ಒಂದೆಲಗ, ಸ್ವಲ್ಪ ಕಾಯಿತುರಿ, ಜೀರಿಗೆ, ಕಾಳುಮೆಣಸು, ಮಜ್ಜಿಗೆ. ಮಿಕ್ಸಿ ಇದ್ದರೆ ಹತ್ತು ನಿಮಿಷದ ಕೆಲಸ. ಅನ್ನ ಮಾತ್ರ ಬೇಯಿಸಿದರೆ ಆಯಿತು. ನನ್ನ ರೂಮ್‌ಮೇಟ್ ಊರಿನಿಂದ ಜೋನಿ ಬೆಲ್ಲದ (ನೀರು ಬೆಲ್ಲ) ಬಾಟ್ಲಿ ತರುತ್ತಾಳೆ. ರಾತ್ರಿ ಏನೂ ಇಲ್ಲದಿದ್ದರೆ ತೆಳ್ಳೇವು (ತೆಳ್ಳಗಿನ ದೋಸೆ), ಜೋನಿ ಬೆಲ್ಲ. ಆ ದಿನ ನಾನೂ ಮೀನು ಮರೆಯುತ್ತೇನೆ.

ಮೀನು ತಿನ್ನುವವರಿಗೆ ಮಳೆಗಾಲದಲ್ಲಿ ಒಣ ಸಿಗಡಿ ಇದೆ. ಹುರಿದು, ಕಾಯಿತುರಿ, ಈರುಳ್ಳಿ, ಹುಳಿ ಸೇರಿಸಿ ಕಲಸಿದರೆ ಕಿಸ್ಮೂರ. ಗಂಜಿಗೆ ಇದಕ್ಕಿಂತ ಒಳ್ಳೆಯ ಜತೆ ನನಗೆ ಗೊತ್ತಿಲ್ಲ. ಆದರೆ ಮನೆ ಮಾಲೀಕರು ಎಂಥವರು ಅಂತ ಮೊದಲು ನೋಡಿಕೊಳ್ಳಿ. ನಾನು ಮೊದಲಿದ್ದ ರೂಮಿನಲ್ಲಿ ಸಿಗಡಿ ಹುರಿದ ಮಾರನೇ ದಿನವೇ ಮೇಲಿನಿಂದ ಬುಲಾವ್ ಬಂತು. ಈಗಿನ ಮನೆಯ ಆಂಟಿ ವಾಸನೆ ಬಂದರೆ ಬಟ್ಟಲು ಹಿಡಿದೇ ಬರುತ್ತಾರೆ.

ಸಂಜೆಯ ಚಪಲ, ತಿಂಗಳಿಗೊಂದು ತಿರುಗಾಟ

ಬೆಳಗಿನ ತಿಂಡಿಗೆ ಹೆಚ್ಚು ಯೋಚಿಸಬೇಡಿ. ಬನ್ಸ್ ಇದ್ದರೆ ಬನ್ಸ್. ಇಲ್ಲದಿದ್ದರೆ ಪಾತಳ ಭಾಜಿ (ತೆಳ್ಳಗಿನ ಪಲ್ಯ) ಜತೆ ಪಾವ್ ಅಥವಾ ಪೂರಿ. ಎರಡೂ ಹೊಟ್ಟೆಗೆ ಹನ್ನೆರಡರ ತನಕ ಆಧಾರ.

ಸಂಜೆ ಟಾಗೋರ್ ಬೀಚಿನ ಹತ್ತಿರ ಗೋಬಿ ಮಂಚೂರಿ ಎಲ್ಲರನ್ನೂ ಕರೆಯುತ್ತದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಹಾಗಾಗಿ ಕೈಗೆ ಅಂಟುವಷ್ಟು ಕೆಂಪಗಿದ್ದರೆ ಮುಂದಿನ ಗಾಡಿಗೆ ಹೋಗಿ. ಗೋಬಿಗಿಂತ ಆಮ್ಲೆಟ್ ಪಾವ್ ಹೊಟ್ಟೆ ತುಂಬಿಸುತ್ತದೆ, ಎದುರಿಗೇ ಮಾಡಿಕೊಡುತ್ತಾರೆ.

ತಿರುಗಾಟದ ವಿಷಯಕ್ಕೆ ಬಂದರೆ ಹುಡುಗಿಯರಿಗೆ ಒಂದು ಲಾಭ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ ಫ್ರೀ. ಬಸ್ಸಿನ ದುಡ್ಡು ಉಳಿದರೆ ಅದು ತಟ್ಟೆಗೆ ಬಂತು. ಹುಡುಗರು ಟಿಕೆಟ್ ದುಡ್ಡನ್ನೂ ಊಟದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಪಾಪ.

ಗೋಕರ್ಣವಾ, ಭಟ್ಕಳವಾ ಅಂದರೆ ನನ್ನ ಓಟು ಭಟ್ಕಳಕ್ಕೆ. ಗೋಕರ್ಣದ ಬೀಚ್ ಕೆಫೆಗಳಲ್ಲಿ ರೇಟು ಪ್ರವಾಸಿಗರಿಗೆ ಇಟ್ಟದ್ದು. ಅಲ್ಲಿ ಕೂರುವುದು ಕಡಲು ನೋಡೋಕೆ. ಊಟ ಬೇಕಾದರೆ ಪೇಟೆಯೊಳಗೆ ಬನ್ನಿ. ಭಟ್ಕಳಕ್ಕೆ ಹೋಗಿಬರುವುದಕ್ಕೆ ಇಡೀ ದಿನ ಬೇಕು. ಆದರೆ ಅಲ್ಲಿನ ನವಾಯತ ಮುಸ್ಲಿಮರ ಬಿರಿಯಾನಿ ಬೇರೆ ಕಡೆಯದ್ದರ ಹಾಗಲ್ಲ. ಮಸಾಲೆಯಲ್ಲಿ ಈರುಳ್ಳಿಯೇ ರಾಜ, ಖಾರ ಮೆತ್ತಗೆ. ಮೇ ತಿಂಗಳಲ್ಲಾದರೆ ಎರಡೂ ಬೇಡ, ಅಂಕೋಲೆಗೆ ಹೋಗಿ. 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕ ಕರಿ ಇಶಾಡ ಮಾವು ಬುಟ್ಟಿಯಲ್ಲಿ ಬಂದಿರುತ್ತದೆ. ಜಾಸ್ತಿ ದಿನ ಇಡೋಕಾಗದ ಹಣ್ಣು. ಹಾಸ್ಟೆಲಿನಲ್ಲಿ ಅದನ್ನು ಇಡುವ ಪ್ರಶ್ನೆಯೇ ಬರುವುದಿಲ್ಲ ಬಿಡಿ. ಇನ್ನೂ ಸ್ವಲ್ಪ ಮುಂದೆ ಕುಮಟೆಯ ಹತ್ತಿರ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ತೂಗುತ್ತಿರುತ್ತವೆ. ರೂಮಿನಲ್ಲಿ ಅಡಿಗೆ ಮಾಡುವವರು ಒಂದು ಗೊಂಚಲು ತಂದು ಮೊಳೆಗೆ ನೇತು ಹಾಕಿ.

ಅಂಕೋಲಾ-ಕುಮಟಾ ನಡುವೆ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಲ್ಲೇ. ಹೆದ್ದಾರಿ ಬದಿಯ ಚಾ ಅಂಗಡಿ, ಅದನ್ನು ನಡೆಸುತ್ತಿದ್ದ ಮನೆಯವರ ಸಮೇತ ಹೋಯಿತು. ಬಸ್ ಆ ಜಾಗ ದಾಟುವಾಗ ಈಗಲೂ ಮಾತು ನಿಲ್ಲುತ್ತದೆ. ಜೋರು ಮಳೆಯಲ್ಲಿ ಬೈಕಿನಲ್ಲಿ ಹೊರಟವರು ಗುಡ್ಡ ಕಡಿದ ಜಾಗದ ಕೆಳಗೆ ಚಾ ಕುಡಿಯೋಕೆ ನಿಲ್ಲಬೇಡಿ. ಪೇಟೆ ಬರುವ ತನಕ ತಡೆದುಕೊಳ್ಳಿ.

ತಂಗಿಗೆ ಬರೆದದ್ದು

ಕೊನೆಗೆ ಅವಳಿಗೆ ಕಳಿಸಿದ ಮೆಸೇಜ್ ಇದು. ಜುಲೈಗೆ ಅರ್ಧ ತಿಂಗಳ ಮೆಸ್ ಹಿಡಿ, ಪೂರ್ತಿ ಕಟ್ಟಬೇಡ. ಆಗಸ್ಟಿನಿಂದ ವಾರಕ್ಕೊಂದು ಬುಧವಾರ ಮೀನು ಊಟ, ಸೋಮವಾರ ದಾಳಿತೊಯ್. ಉಳಿದ ದಿನ ನಮ್ಮ ರೂಮಿಗೆ ಬಾ, ಪಾತ್ರೆ ತೊಳೆಯೋಕೆ ಮೂರನೆಯವಳು ಬೇಕಾಗಿದ್ದಾಳೆ. ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟ್ಲಿ ತಾ, ಒಂದು ನನ್ನ ರೂಮ್‌ಮೇಟ್‌ಗೆ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಕಿ ಬಿಗಿ ಮಾಡಿಸು. ಹೋದ ವರ್ಷ ದೇವಿಮನೆ ಘಟ್ಟದ ತಿರುವಿನಲ್ಲಿ ನನ್ನ ನೋಟ್ಸೆಲ್ಲ ಉಪ್ಪುನೀರಾಗಿ, ಸೆಮಿಸ್ಟರ್ ಪೂರ್ತಿ ಇಂಗಿನ ಪರಿಮಳದಲ್ಲಿ ಓದಿದ್ದೇನೆ.